ಎರಡನೇ ಸಿಲಿಂಡರ್ ಬೇಕಾ?

ನಮ್ಮಮ್ಮನಿಗೆ ಗ್ಯಾಸ್ ಸಿಲಿಂಡರ್ ಮೇಲೆ ಯಾವತ್ತೂ ನಂಬಿಕೆ ಇರಲಿಲ್ಲ. ಶಿವಮೊಗ್ಗದ ಮನೆಯಲ್ಲಿ ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಅದರ ಮೈ ಒರೆಸಿ, ಎಲ್ಲಿಯವರೆಗೆ ಒದ್ದೆ ಬೇಗ ಆರುವುದಿಲ್ಲ ಎಂದು ಬಗ್ಗಿ ನೋಡುತ್ತಿದ್ದಳು. ಅಲ್ಲಿಯವರೆಗೆ ಗ್ಯಾಸ್ ಇದೆ ಅಂತ ಲೆಕ್ಕ. ಆಗೆಲ್ಲ ಬುಕ್ ಮಾಡಿದರೆ ಮೂರು ವಾರ, ಒಮ್ಮೊಮ್ಮೆ ತಿಂಗಳು. ಹಾಗಾಗಿ ನಮಗೆ ಎರಡನೇ ಸಿಲಿಂಡರ್ ಸಿಕ್ಕ ದಿನ ಮನೆಯಲ್ಲಿ ಸಣ್ಣ ಹಬ್ಬವೇ ಆಯಿತು. ಅಮ್ಮ ಅದಕ್ಕೆ ಕುಂಕುಮ ಹಚ್ಚಿದ್ದಳು.

ಆ ಬುದ್ಧಿ ನನಗೂ ಬಂದಿದೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಹತ್ತು ನಿಮಿಷದ ದಾರಿಯಲ್ಲಿ ನಾಲ್ಕು ಇಂಡಿಯನ್ ಅಂಗಡಿ ಇರುವ ಊರಲ್ಲಿ, ನಮ್ಮ ಬೇಸ್‌ಮೆಂಟಿನಲ್ಲಿ ಸದಾ ಎರಡು ಮೂಟೆ ಸೋನಾ ಮಸೂರಿ ಇರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಮೂರು. ನಮ್ಮನೆಯವರು ನಗುತ್ತಾರೆ. ನಗಲಿ.

2023ರ ಆಗಸ್ಟ್ ಕೊನೆಯಲ್ಲಿ ಆಫೀಸಿನವರು ನನ್ನನ್ನು ಫ್ಯಾಂಟಸಿ ಫುಟ್‌ಬಾಲ್ ಲೀಗಿಗೆ ಎಳೆದುಕೊಂಡರು. ಹನ್ನೆರಡನೆಯವರು ಕೈಕೊಟ್ಟಿದ್ದರು, ಒಂದು ತಲೆ ಬೇಕಿತ್ತು, ಅಷ್ಟೇ. ಅಲ್ಲಿ ಹತ್ತನೇ ಸುತ್ತಿನಲ್ಲಿ ನಾನು ಮಾಡಿದ ಕೆಲಸ ಅಮ್ಮನ ಮಗಳು ಮಾಡುವಂಥದ್ದೇ. ಒಬ್ಬನೇ ಆಡುವ ಜಾಗಕ್ಕೆ ಎರಡನೆಯವನನ್ನು ಇಟ್ಟುಕೊಳ್ಳಬೇಕಾ ಅಂತ ಹೇಳಲು ಈ ಬರಹ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು ನಮ್ಮ ಫುಟ್‌ಬಾಲ್ ಅಲ್ಲ, ಅಮೆರಿಕದವರ ಫುಟ್‌ಬಾಲ್. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಪ್ರತಿ ತಂಡಕ್ಕೂ 18 ವಾರದಲ್ಲಿ 17 ಪಂದ್ಯ, ಒಂದು ವಾರ ರಜೆ. ಈ ರಜೆಗೆ ಬೈ ವೀಕ್ ಅನ್ನುತ್ತಾರೆ. ನಾವು ಲೀಗಿನವರು ನಿಜವಾದ ಆಟಗಾರರನ್ನು ಸರದಿಯಂತೆ ಸುತ್ತಿಗೊಬ್ಬರಾಗಿ ಆರಿಸಿಕೊಂಡು ಕಾಗದದ ಮೇಲೆ ತಂಡ ಕಟ್ಟುತ್ತೇವೆ. ಈ ಆಯ್ಕೆಗೆ ಡ್ರಾಫ್ಟ್ ಅನ್ನುತ್ತಾರೆ. ಅವರು ಭಾನುವಾರ ಮೈದಾನದಲ್ಲಿ ಗಳಿಸಿದ್ದು ನಮಗೆ ಅಂಕವಾಗುತ್ತದೆ. ನಮ್ಮ ಲೀಗಿನಲ್ಲಿ ಒಂದು ತಂಡಕ್ಕೆ 16 ಜನ. ವಾರಕ್ಕೆ ಆಡುವವರು ಒಂಬತ್ತು, ಬೆಂಚಿನಲ್ಲಿ ಏಳು.

ಆ ಒಂಬತ್ತರಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೇ ಬರುತ್ತದೆ. ಎಸೆಯುವುದೋ, ಓಡುವವನ ಕೈಗೆ ಕೊಡುವುದೋ, ತಾನೇ ನುಗ್ಗುವುದೋ, ಅವನ ಲೆಕ್ಕ. ಪಾಸ್ ಮಾಡಿದ 25 ಯಾರ್ಡಿಗೆ ಒಂದು ಅಂಕ, ಟಚ್‌ಡೌನ್ ಪಾಸಿಗೆ (ಎಸೆದ ಚೆಂಡು ಜೊತೆಗಾರನ ಕೈಯಲ್ಲಿ ಎದುರಾಳಿಯ ಕೊನೆಯ ಗೆರೆ ದಾಟಿದರೆ) ನಾಲ್ಕು. ಚೆಂಡು ಎದುರಾಳಿಯ ಕೈಗೆ ಸಿಕ್ಕರೆ ಎರಡು ಕಳೆಯುತ್ತಾರೆ. ಇಷ್ಟು ದೊಡ್ಡ ಕೆಲಸದ ಮನುಷ್ಯ ಒಬ್ಬನೇ ಇದ್ದಾನೆ, ಅವನಿಗೆ ಏನಾದರೂ ಆದರೆ ಅನ್ನುವ ಹೆದರಿಕೆ ಹೊಸಬರಿಗೆಲ್ಲ ಬರುತ್ತದೆ. ನನಗಂತೂ ಬಂತು.

ನನ್ನ ಬಳಿ ಆಗಲೇ ಸಿನ್ಸಿನಾಟಿ ಬೆಂಗಲ್ಸ್‌ನ ಜೋ ಬರೋ ಇದ್ದ. ಆದರೆ ಜುಲೈನಲ್ಲಿ ಅಭ್ಯಾಸ ಮಾಡುವಾಗ ಅವನ ಮೀನಖಂಡ ಹಿಡಿದುಕೊಂಡಿತ್ತು. ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಹತ್ತನೇ ಸುತ್ತಿನಲ್ಲಿ ನನ್ನ ಸರದಿ ಬಂದಾಗ ಪಟ್ಟಿಯಲ್ಲಿ ಆರನ್ ರಾಜರ್ಸ್ ಇನ್ನೂ ಉಳಿದಿದ್ದ. ನಾಲ್ಕು ಸಲ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಆದವನು, ಗ್ರೀನ್ ಬೇ ಬಿಟ್ಟು ನಮ್ಮ ಪಕ್ಕದ ನ್ಯೂಯಾರ್ಕ್ ಜೆಟ್ಸ್‌ಗೆ ಬಂದಿದ್ದ. ಸುತ್ತಮುತ್ತ ಎಲ್ಲಿ ನೋಡಿದರೂ ಅವನದೇ ಮಾತು. ತಗೊಂಡೆ. ಎರಡನೇ ಸಿಲಿಂಡರ್ ಬಂತು ಅಂತ ಮನಸ್ಸಿಗೆ ತಂಪಾಯಿತು.

ಪಕ್ಕದಲ್ಲಿ ಕೂತಿದ್ದ ಟೆಸ್ಟಿಂಗ್ ಟೀಮಿನವನು ಮುಂದಿನ ಸರದಿಯಲ್ಲಿ ರಹೀಮ್ ಮೋಸ್ಟರ್ಟ್ ಎಂಬ ಮಯಾಮಿಯ ಓಟಗಾರನನ್ನು ತಗೊಂಡ. ಆಮೇಲೆ ನನ್ನ ಕಡೆ ತಿರುಗಿ, "ಬರೋಗೂ ರಾಜರ್ಸ್‌ಗೂ ಬೈ ವೀಕ್ ಒಂದೇ, ಏಳನೇ ವಾರ. ನೋಡಿರಲಿಲ್ವಾ?" ಅಂದ.

ನೋಡಿರಲಿಲ್ಲ. ಎರಡು ಸಿಲಿಂಡರೂ ಒಂದೇ ದಿನ ಖಾಲಿಯಾಗುವಂತೆ ತಂದಿಟ್ಟುಕೊಂಡಿದ್ದೆ.

ಮೊದಲ ಭಾನುವಾರ ಕ್ಲೀವ್‌ಲ್ಯಾಂಡಿನಲ್ಲಿ ಮಳೆ. ಬರೋ ಇಡೀ ಪಂದ್ಯದಲ್ಲಿ ಗಳಿಸಿದ್ದು 82 ಯಾರ್ಡ್. ಅಂದರೆ ಮೂರು ಚಿಲ್ಲರೆ ಅಂಕ. ಛೆ, ರಾಜರ್ಸ್‌ನನ್ನೇ ಆಡಿಸಬೇಕಿತ್ತು ಅಂತ ರಾತ್ರಿ ಹೊರಳಾಡಿದೆ. ಮರುದಿನ, ಸೆಪ್ಟೆಂಬರ್ 11. ಈಸ್ಟ್ ರುದರ್‌ಫರ್ಡಿನ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ರಾಜರ್ಸ್ ಅಮೆರಿಕದ ಬಾವುಟ ಹಿಡಿದು ಮೈದಾನಕ್ಕೆ ಓಡಿ ಬಂದ. ಅವನ ನಾಲ್ಕನೇ ಸ್ನ್ಯಾಪ್, ಅಂದರೆ ಚೆಂಡು ಕೈಗೆ ಬಂದ ನಾಲ್ಕನೇ ಸಲ. ಬಫಲೋ ಬಿಲ್ಸ್‌ನವನೊಬ್ಬ ಅವನನ್ನು ಕೆಡವಿದ. ಎದ್ದು ನಿಂತ, ಒಂದು ಗಳಿಗೆ ನೋಡಿದ, ಮತ್ತೆ ನೆಲದ ಮೇಲೆ ಕೂತ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಆ ವರ್ಷಕ್ಕೆ ಅವನ ಆಟ ಅಲ್ಲಿಗೆ ಮುಗಿಯಿತು.

ಮಂಗಳವಾರ ಆಫೀಸಿನಲ್ಲಿ ಜೆಟ್ಸ್ ಅಭಿಮಾನಿಗಳ ಮುಖ ನೋಡಬೇಕಿತ್ತು. ಪಂದ್ಯ ಗೆದ್ದಿದ್ದರು, ಓವರ್‌ಟೈಮಿನಲ್ಲಿ 22-16. ಆದರೂ ಸಾವಿನ ಮನೆ. ಅವರ ನಡುವೆ ನಾನೊಬ್ಬಳು ನನ್ನ ಹತ್ತನೇ ಸುತ್ತು ಹಾಳಾಯಿತಲ್ಲ ಅಂತ ಗೊಣಗಿದೆ. ಯಾರೂ ಮಾತಾಡಲಿಲ್ಲ. ಈ ಆಟದಲ್ಲಿ ಹೀಗೊಂದು ಕೆಟ್ಟ ಅಭ್ಯಾಸ ಹತ್ತಿಕೊಳ್ಳುತ್ತದೆ. ಮನುಷ್ಯ ನೆಲಕ್ಕೆ ಬಿದ್ದರೆ ನಮಗೆ ಮೊದಲು ಕಾಣುವುದು ಖಾಲಿಯಾದ ಜಾಗ.

ಅಕ್ಟೋಬರ್ 22, ಏಳನೇ ವಾರ. ಬೆಂಗಲ್ಸ್, ಜೆಟ್ಸ್ ಸೇರಿ ಆರು ತಂಡಗಳಿಗೆ ರಜೆ. ಅದೇ ಭಾನುವಾರ ಧರ್ಮಶಾಲಾದಲ್ಲಿ ವಿಶ್ವಕಪ್ಪಿನ ಭಾರತ-ನ್ಯೂಜಿಲೆಂಡ್ ಪಂದ್ಯ. ನಮಗೆ ಬೆಳಗ್ಗೆ, ಅವರಿಗೆ ರಾತ್ರಿ. ಭಾರತ ಗೆದ್ದ ಮೇಲೆ ಅಪ್ಪ ಫೋನ್ ಮಾಡಿದರು. ನನ್ನ ಗೋಳು ಹೇಳಿಕೊಂಡೆ. ಅಮೆರಿಕದ ಫುಟ್‌ಬಾಲಿನ ಗಂಧಗಾಳಿ ಇಲ್ಲದ ಅಪ್ಪ ತಕ್ಷಣ ಹೇಳಿದ್ದು:

"ಒಬ್ಬನೇ ಆಡೋ ಜಾಗಕ್ಕೆ ಇಬ್ಬರನ್ನ ಯಾಕೆ ಕಟ್ಕೊಂಡು ತಿರುಗ್ತೀಯೇ? ವಿಕೆಟ್ ಕೀಪರ್ ಇದ್ದ ಹಾಗೆ ಅಲ್ವಾ ಅದು? ದ್ರಾವಿಡ್ ಕೈಗೆ ಗ್ಲೌಸ್ ಕೊಟ್ಟು ಒಬ್ಬ ಬ್ಯಾಟ್ಸ್‌ಮನ್ ಜಾಸ್ತಿ ಆಡಿಸಲಿಲ್ವಾ ಅವತ್ತು?"

ಹೌದಲ್ಲ ಅನ್ನಿಸಿತು. 2003ರ ವಿಶ್ವಕಪ್ಪಿನಲ್ಲಿ ಪಾರ್ಥಿವ್ ಪಟೇಲ್ ತಂಡದ ಜೊತೆ ಹೋಗಿ ಒಂದೂ ಪಂದ್ಯ ಆಡದೆ ವಾಪಸ್ ಬಂದ. ಕೀಪಿಂಗ್ ಮಾಡಿದ್ದು ದ್ರಾವಿಡ್. ಉಳಿದ ಜಾಗದಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್. ಇಪ್ಪತ್ತು ವರ್ಷದ ಮೇಲೆ ಆ ದಿನ ಧರ್ಮಶಾಲಾದಲ್ಲಿ ಗ್ಲೌಸ್ ಹಾಕಿದ್ದವನೂ ನಮ್ಮವನೇ, ಕೆ.ಎಲ್. ರಾಹುಲ್. ಅಪ್ಪನಿಗೆ ಇದರಲ್ಲಿ ಊರಿನ ಹೆಮ್ಮೆ ಜಾಸ್ತಿ, ತರ್ಕ ಕಮ್ಮಿ. ಆದರೂ ಮಾತು ಸರಿ. ಒಬ್ಬನಷ್ಟೇ ಆಡುವ ಜಾಗಕ್ಕೆ ಇಬ್ಬರನ್ನು ಇಟ್ಟರೆ ಎರಡನೆಯವನು ಕೂತೇ ಇರುತ್ತಾನೆ. ಕಿರ್ಮಾನಿಯವರು 1971ರಲ್ಲಿ, 1974ರಲ್ಲಿ ಇಂಗ್ಲೆಂಡಿಗೆ ಹೋಗಿ ಕೀಪರ್ ಫರೂಖ್ ಎಂಜಿನಿಯರ್ ಹಿಂದೆ ಕೂತು ಬಂದರು. ಮೊದಲ ಟೆಸ್ಟ್ ಸಿಕ್ಕಿದ್ದು 1976ರಲ್ಲಿ. ಅದನ್ನು ಅಪ್ಪನಿಗೆ ನೆನಪಿಸಿದೆ. "ಪಾಪ" ಅಂದರು.

ಇಷ್ಟರಲ್ಲಿ ಮೋಸ್ಟರ್ಟ್ ಏನು ಮಾಡುತ್ತಿದ್ದ ಅಂತ ಕೇಳಬೇಡಿ. ಸರಿ, ಹೇಳಿಬಿಡುತ್ತೇನೆ. 31 ವರ್ಷದ, ಪದೇ ಪದೇ ಗಾಯಗೊಳ್ಳುವ ಓಟಗಾರ ಅಂತ ನಾನು ದಾಟಿ ಹೋದ ಮನುಷ್ಯ ಆ ವರ್ಷ 1,012 ಯಾರ್ಡ್ ಓಡಿದ. ಓಡಿ ಗಳಿಸಿದ ಟಚ್‌ಡೌನ್ 18, ಹಿಡಿದು ಗಳಿಸಿದ್ದು ಇನ್ನೂ ಮೂರು. ಎಲ್ಲ ಪಕ್ಕದವನ ಖಾತೆಗೆ.

ಎರಡನೇ ಕ್ವಾರ್ಟರ್‌ಬ್ಯಾಕಿನ ನಿಜವಾದ ಬೆಲೆ ಇದು. ಕೊನೆಯ ಸುತ್ತುಗಳಲ್ಲಿ ಸಿಗುವವರು ಹೆಚ್ಚಿನವರು ಜೊಳ್ಳು. ಏಳು ಬೆಂಚಿನಲ್ಲಿ ಏಳು ಜನ ಓಟಗಾರರನ್ನೋ ಚೆಂಡು ಹಿಡಿಯುವವರನ್ನೋ ಕೂರಿಸಿದರೆ ಐವರು ಏನಕ್ಕೂ ಬರುವುದಿಲ್ಲ. ಆದರೆ ಒಬ್ಬ ಮೊಳೆತರೆ ವರ್ಷದ ಊಟ. ಬೆಂಚಿನ ಕ್ವಾರ್ಟರ್‌ಬ್ಯಾಕ್ ಹಾಗಲ್ಲ. ಅವನು ಚೆನ್ನಾಗಿ ಆಡಿದರೂ ನಿಮ್ಮ ಮೊದಲನೆಯವನು ಸರಿ ಇರುವ ತನಕ ನಿಮಗೆ ಏನೂ ಬರುವುದಿಲ್ಲ. ಮಾರೋಣ ಅಂದರೆ ಕೊಳ್ಳುವವರಿಲ್ಲ, ಎಲ್ಲರ ಹತ್ತಿರವೂ ಒಬ್ಬೊಬ್ಬ ಇದ್ದಾನೆ. ಎರಡು ವರ್ಷ ಪ್ರಯತ್ನಿಸಿದ್ದೇನೆ. ಬದಲಿಗೆ ಒಬ್ಬ ಕಿಕ್ಕರನ್ನು, ಅಂದರೆ ಚೆಂಡು ಒದೆಯುವುದಷ್ಟೇ ಕೆಲಸವಾದ ಅಗ್ಗದವನನ್ನು ಕೊಡ್ತೀನಿ ಅಂತ ಹೇಳಿದವರೂ ಇದ್ದಾರೆ.

ಮತ್ತೆ ಸಿಲಿಂಡರಿಗೆ ಬರುತ್ತೇನೆ. ಅಮ್ಮನಿಗೆ ಎರಡನೆಯದು ಬೇಕಾಗಿದ್ದು ಮೊದಲನೆಯದು ಖಾಲಿಯಾಗುತ್ತದೆ ಅಂತಲ್ಲ. ಖಾಲಿಯಾದ ಮೇಲೆ ಇನ್ನೊಂದು ಬರಲು ತಿಂಗಳು ಹಿಡಿಯುತ್ತದೆ ಅಂತ. ಬುಕ್ ಮಾಡಿದ ದಿನವೇ ಬಂದುಬಿಟ್ಟರೆ ಎರಡನೆಯದು ಅಡುಗೆಮನೆಯಲ್ಲಿ ಸುಮ್ನೆ ಜಾಗ ತಿನ್ನುವ ಕಬ್ಬಿಣ. ನಮ್ಮ ಲೀಗಿನಲ್ಲಿ ಪ್ರತಿ ವಾರ ಅಂಗಡಿ ತೆರೆದಿರುತ್ತದೆ. ಯಾರ ತಂಡದಲ್ಲೂ ಇಲ್ಲದ ಆಟಗಾರರಿಗೆ ಮಂಗಳವಾರ ರಾತ್ರಿಯೊಳಗೆ ಅರ್ಜಿ ಹಾಕಬೇಕು, ಬುಧವಾರ ಬೆಳಗ್ಗೆ ಹಂಚುತ್ತಾರೆ. ಪಟ್ಟಿಯಲ್ಲಿ ಕೆಳಗಿರುವವರಿಗೆ ಮೊದಲು. ಇದಕ್ಕೆ ವೇವರ್ ಅನ್ನುತ್ತಾರೆ. ನನ್ನಂಥವರಿಗೆ ಕೆಳಗಿರುವುದು ಕಷ್ಟವಲ್ಲ.

ಲೆಕ್ಕ ಹಾಕಿ ನೋಡಿ. ಮೈದಾನದಲ್ಲಿ ಆಡುವ ಕ್ವಾರ್ಟರ್‌ಬ್ಯಾಕ್ 32. ಹನ್ನೆರಡು ಜನರೂ ಒಬ್ಬೊಬ್ಬರನ್ನೇ ಇಟ್ಟುಕೊಂಡರೆ ಅಂಗಡಿಯಲ್ಲಿ ಇಪ್ಪತ್ತು ಜನ ಉಳಿಯುತ್ತಾರೆ. ಒಂದು ವಾರಕ್ಕೆ ಒಬ್ಬ ಸಾಧಾರಣದವನು ಸಿಕ್ಕೇ ಸಿಗುತ್ತಾನೆ. ಆದರೆ ಎಲ್ಲರೂ ಇಬ್ಬಿಬ್ಬರನ್ನು ಇಟ್ಟುಕೊಂಡರೆ 24 ಹೋದವು, ಉಳಿದದ್ದು ಎಂಟು. ಅದರಲ್ಲಿ ಒಂದಿಬ್ಬರಿಗೆ ರಜೆ, ಇನ್ನೊಬ್ಬನ ಭುಜ ನೋವು. ಆಗ ನೀವೂ ಇಟ್ಟುಕೊಳ್ಳಲೇಬೇಕು. ಊರಲ್ಲಿ ಲಾರಿ ಮುಷ್ಕರದ ಸುದ್ದಿ ಹಬ್ಬಿದರೆ ಬೇಕಿದ್ದವರು ಬೇಡದವರು ಎಲ್ಲ ಸಿಲಿಂಡರ್ ಬುಕ್ ಮಾಡುತ್ತಿದ್ದರು. ಮುಷ್ಕರ ಆಗದಿದ್ದರೂ ಗ್ಯಾಸ್ ಸಿಗುತ್ತಿರಲಿಲ್ಲ. ಹಾಗಾಗಿ ಎರಡನೆಯವನು ಬೇಕಾ ಅನ್ನುವ ಪ್ರಶ್ನೆಗೆ ಉತ್ತರ ನಿಮ್ಮ ತಂಡದಲ್ಲಿ ಇಲ್ಲ. ಸುತ್ತ ಕೂತ ಹನ್ನೊಂದು ಜನರ ಹೆದರಿಕೆಯಲ್ಲಿ ಇದೆ. ಡ್ರಾಫ್ಟಿನ ದಿನ ಹತ್ತನೇ ಸುತ್ತಿಗೆ ಬಂದಾಗ ನಾನೀಗ ಆಟಗಾರರ ಪಟ್ಟಿ ಬಿಟ್ಟು ಮುಖಗಳನ್ನು ನೋಡುತ್ತೇನೆ.

ವಾರಕ್ಕೆ ಇಬ್ಬರು ಕ್ವಾರ್ಟರ್‌ಬ್ಯಾಕ್ ಆಡಿಸಬಹುದಾದ ಸೂಪರ್‌ಫ್ಲೆಕ್ಸ್ ಲೀಗುಗಳೂ ಇವೆ. ಅಲ್ಲಿ ಈ ಮಾತೆಲ್ಲ ನಡೆಯುವುದಿಲ್ಲ. ಇಬ್ಬರಲ್ಲ, ಮೂವರು ಬೇಕು. ಆ ಗೋಜಿಗೆ ನಾನು ಹೋಗಿಲ್ಲ.

ಅಂದಹಾಗೆ, ಈ ಆಟ ಹುಟ್ಟಿದಾಗ ಎರಡನೆಯವನನ್ನು ಇಟ್ಟುಕೊಳ್ಳುವುದೇ ನಿಯಮವಾಗಿತ್ತು. 1962ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರ ಬಿಲ್ ವಿಂಕನ್‌ಬಾಕ್ ಪ್ರವಾಸದ ನಡುವೆ ನ್ಯೂಯಾರ್ಕಿನ ಹೋಟೆಲಿನಲ್ಲಿ ಕೂತು, ಜೊತೆಗಿದ್ದವರೊಂದಿಗೆ ಇದರ ನಿಯಮ ಬರೆದ. ಮೊದಲ ಡ್ರಾಫ್ಟ್ 1963ರಲ್ಲಿ, ಎಂಟು ತಂಡ, ತಂಡಕ್ಕೆ ಇಬ್ಬರು ಕ್ವಾರ್ಟರ್‌ಬ್ಯಾಕ್. ಅಲ್ಲಿ ಮೊಟ್ಟಮೊದಲು ಆರಿಸಿದ ಹೆಸರು ಜಾರ್ಜ್ ಬ್ಲಾಂಡಾ. ತಮಾಷೆ ಏನೆಂದರೆ ಅದೇ ಬ್ಲಾಂಡಾ 1970ರಲ್ಲಿ, 43ನೇ ವಯಸ್ಸಿನಲ್ಲಿ, ರೈಡರ್ಸ್ ಬೆಂಚಿನಲ್ಲಿ ಬದಲಿ ಕ್ವಾರ್ಟರ್‌ಬ್ಯಾಕ್ ಆಗಿ ಕೂತಿದ್ದ. ಸತತ ಐದು ಪಂದ್ಯಗಳಲ್ಲಿ ತಂಡವನ್ನು ಎತ್ತಿ ಹಿಡಿದ. ನಾಲ್ಕು ಗೆಲುವು, ಒಂದು ಸಮ.

ಅಂಗಡಿಯಲ್ಲಿ ಸಿಗುವುದೆಲ್ಲ ಒಳ್ಳೇ ಮಾಲು ಅಂತ ನಾನು ಹೇಳುತ್ತಿಲ್ಲ. ನವೆಂಬರ್ 16ರ ಗುರುವಾರ ಬಾಲ್ಟಿಮೋರಿನಲ್ಲಿ ಬರೋನ ಬಲ ಮಣಿಕಟ್ಟು ಕೈಕೊಟ್ಟಿತು. ಅವನೂ ಆ ವರ್ಷ ಕೊನೆಯವರೆಗೆ ಹೊರಗೆ. ನನ್ನ ಮೊದಲನೆಯವನೂ ಹೋದ, ಎರಡನೆಯವನು ಹೋಗಿ ಎರಡು ತಿಂಗಳಾಗಿತ್ತು. ಆಗ ಮಿನೆಸೋಟದ ಜೋಶುವಾ ಡಾಬ್ಸ್ ಎಲ್ಲರ ಬಾಯಲ್ಲಿದ್ದ. ಅಕ್ಟೋಬರ್ ಕೊನೆಯ ದಿನ ಆ ತಂಡಕ್ಕೆ ಬಂದು, ಐದೇ ದಿನಕ್ಕೆ ಮೈದಾನಕ್ಕಿಳಿದು, ಜೊತೆಗಾರರ ಹೆಸರೂ ಸರಿಯಾಗಿ ಗೊತ್ತಿಲ್ಲದೆ ಪಂದ್ಯ ಗೆಲ್ಲಿಸಿದ್ದ. ಅವನನ್ನು ತಂದೆ. ನನಗಾಗಿ ಆಡಿದ ಸೋಮವಾರ ಚಿಕಾಗೋದವರಿಗೆ ನಾಲ್ಕು ಸಲ ಚೆಂಡು ಒಪ್ಪಿಸಿದ. ಎಂಟು ಅಂಕ ಅಲ್ಲೇ ಕಳೆಯಿತು.

ಆಮೇಲೆ ಬಂದವನು ಜೋ ಫ್ಲಾಕೊ. ನಮ್ಮ ನ್ಯೂಜೆರ್ಸಿಯಲ್ಲೇ ಹುಟ್ಟಿದವನು, 38 ವರ್ಷ. ಹಿಂದಿನ ವರ್ಷದವರೆಗೆ ಜೆಟ್ಸ್‌ನಲ್ಲಿ ಇದ್ದ. ಆ ವರ್ಷ ಯಾರೂ ಕರೆದಿರಲಿಲ್ಲ, ಮನೆಯಲ್ಲಿ ಮಕ್ಕಳ ಜೊತೆ ಇದ್ದ. ಕ್ಲೀವ್‌ಲ್ಯಾಂಡಿನ ಕ್ವಾರ್ಟರ್‌ಬ್ಯಾಕ್ ಗಾಯಗೊಂಡ ಮೇಲೆ ನವೆಂಬರಿನಲ್ಲಿ ಕರೆ ಹೋಯಿತು. ಡಿಸೆಂಬರ್ ಮೊದಲ ವಾರ ಅವನ ಮೊದಲ ಪಂದ್ಯ ನೋಡಿ ಮಂಗಳವಾರ ಅರ್ಜಿ ಹಾಕಿದೆ. ಬೇರೆ ಯಾರೂ ಹಾಕಿರಲಿಲ್ಲ. ಮುಂದಿನ ನಾಲ್ಕು ವಾರ ಅವನು ಎಸೆದದ್ದು 311, 374, 368, 309 ಯಾರ್ಡ್. ಡ್ರಾಫ್ಟಿನ ದಿನ ಹನ್ನೆರಡು ಜನರಲ್ಲಿ ಒಬ್ಬರ ಬಾಯಲ್ಲೂ ಬಾರದ ಹೆಸರು. ಆ ದಿನ ಅವನಿಗೆ ತಂಡವೇ ಇರಲಿಲ್ಲ.

ಕಪ್ ಗೆದ್ದೆ ಅಂದುಕೊಂಡಿರಾ? ಇಲ್ಲ. ಡಿಸೆಂಬರ್ 24, ನನ್ನ ಸೆಮಿಫೈನಲ್. ಫ್ಲಾಕೊ ಹ್ಯೂಸ್ಟನ್ ವಿರುದ್ಧ 368 ಯಾರ್ಡ್, ಮೂರು ಟಚ್‌ಡೌನ್ ಪಾಸ್. ಅದರಲ್ಲಿ 265 ಯಾರ್ಡ್ ಹೋದದ್ದು ಅಮಾರಿ ಕೂಪರ್ ಒಬ್ಬನ ಕೈಗೆ, ಆ ತಂಡದ ಇತಿಹಾಸದಲ್ಲೇ ದಾಖಲೆ. ಕೂಪರ್ ಇದ್ದದ್ದು ನನ್ನ ಎದುರಾಳಿಯ ತಂಡದಲ್ಲಿ. ಎಸೆದವನಿಗೆ 25 ಯಾರ್ಡಿಗೆ ಒಂದು ಅಂಕ, ಹಿಡಿದವನಿಗೆ ಹತ್ತು ಯಾರ್ಡಿಗೇ ಒಂದು. ಜೊತೆಗೆ ಹಿಡಿದದ್ದಕ್ಕೆ ಬೇರೆ ಒಂದೊಂದು. ನನ್ನ ಮನುಷ್ಯ ಚೆನ್ನಾಗಿ ಆಡಿದಷ್ಟೂ ನಾನು ಸೋಲುತ್ತಾ ಹೋದೆ. ಕ್ರಿಸ್‌ಮಸ್ ಹಿಂದಿನ ದಿನ ಟೀವಿ ಮುಂದೆ ಕೂತು ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಬುದ್ಧಿ ಕಲಿತು 2024ರಲ್ಲಿ ಒಬ್ಬನನ್ನೇ ತಗೊಂಡೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಇಬ್ಬರನ್ನು ತಗೊಂಡೆ. ಆದರೆ ಈ ಸಲ ಕಾರಣ ಬೇರೆ. ಮೊದಲನೆಯವನು ಇಂಡಿಯಾನಾಪೊಲಿಸ್‌ನ ಆಂಥನಿ ರಿಚರ್ಡ್‌ಸನ್. ಆಕಾಶಕ್ಕೂ ಏರಬಲ್ಲ, ಪಾತಾಳಕ್ಕೂ ಇಳಿಯಬಲ್ಲ ಹುಡುಗ. ಎರಡನೆಯವನು ವಾಷಿಂಗ್ಟನ್ನಿನ ಹೊಸಬ ಜೇಡನ್ ಡೇನಿಯಲ್ಸ್. ಅವನನ್ನು ಬದಲಿಗೆ ಅಂತ ತಂದಿರಲಿಲ್ಲ. ಮೊಳೆಯಬಹುದಾದ ಇನ್ನೊಂದು ಬೀಜ ಅಂತ ತಂದೆ. ಎರಡನೇ ಕ್ವಾರ್ಟರ್‌ಬ್ಯಾಕನ್ನು ಹೀಗೆ ತಗೊಳ್ಳುವುದಾದರೆ ತಪ್ಪಿಲ್ಲ ಅಂತ ನನಗೀಗಲೂ ಅನ್ನಿಸುತ್ತದೆ. ಹೆಸರಾಂತ ಮುದುಕನನ್ನು ಧೈರ್ಯಕ್ಕೆ ಅಂತ ಇಟ್ಟುಕೊಳ್ಳುವುದು ಬೇರೆ, ಇದು ಬೇರೆ.

ಬೀಜ ಮೊಳೆಯಿತು. ಡೇನಿಯಲ್ಸ್ ಆ ವರ್ಷ 891 ಯಾರ್ಡ್ ಓಡಿದ, ಹೊಸ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ದಾಖಲೆ. ಆದರೆ ಇಬ್ಬರಿದ್ದರೆ ಇನ್ನೊಂದು ರೋಗ ಇದೆ, ಯಾರೂ ಮೊದಲೇ ಹೇಳುವುದಿಲ್ಲ. ಪ್ರತಿ ವಾರ ಆರಿಸಬೇಕು. ಮೂರನೇ ವಾರ ರಿಚರ್ಡ್‌ಸನ್‌ನನ್ನು ಆಡಿಸಿದೆ. ಒಂದೂ ಟಚ್‌ಡೌನ್ ಪಾಸ್ ಇಲ್ಲ, ಎರಡು ಸಲ ಚೆಂಡು ಕಳೆದ. ಸೋಮವಾರ ರಾತ್ರಿ ಡೇನಿಯಲ್ಸ್ 23 ಸಲ ಎಸೆದು 21 ಸರಿಯಾಗಿ ತಲುಪಿಸಿದ, 254 ಯಾರ್ಡ್, ಎರಡು ಟಚ್‌ಡೌನ್ ಪಾಸ್, ಓಡಿ ಇನ್ನೊಂದು. ನನ್ನ ಬೆಂಚಿನಲ್ಲಿ ಕೂತುಕೊಂಡು! ಒಬ್ಬನೇ ಇದ್ದಿದ್ದರೆ ಹಣೆಬರಹ ಅಂತ ಮಲಗುತ್ತಿದ್ದೆ. ಇಬ್ಬರಿದ್ದದ್ದರಿಂದ ಅದು ನನ್ನ ತಪ್ಪಾಯಿತು. ಆ ರಿಚರ್ಡ್‌ಸನ್‌ನನ್ನು ಅಕ್ಟೋಬರ್ ಕೊನೆಗೆ ಅವನ ತಂಡವೇ ಕೂರಿಸಿತು. ಅವನ ಜಾಗಕ್ಕೆ ಯಾರು ಬಂದರು ಅಂತೀರಿ? ಫ್ಲಾಕೊ.

ಈ ಕಥೆಯನ್ನೆಲ್ಲ ಅಮ್ಮನಿಗೆ ಒಮ್ಮೆ ಹೇಳಿದ್ದೆ. ಪೂರ್ತಿ ಕೇಳಿ, "ಇದ್ರೆ ಒಳ್ಳೇದೇ ಅಲ್ವೇನೇ, ಇರಲಿ ಬಿಡು" ಅಂದಳು. ಅವಳ ಅಡುಗೆಮನೆಯಲ್ಲಿ ಈಗಲೂ ಎರಡು ಸಿಲಿಂಡರ್ ಇವೆ. ಫೋನಿನಲ್ಲಿ ಬುಕ್ ಮಾಡಿದರೆ ಒಂದೆರಡು ದಿನದಲ್ಲಿ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದು ನಿಂತಿಲ್ಲ.

2025ರ ಸೆಪ್ಟೆಂಬರಿನಲ್ಲಿ, ಎರಡನೇ ವಾರವೇ, ಬರೋಗೆ ಮತ್ತೆ ಗಾಯ. ಈ ಸಲ ಕಾಲ್ಬೆರಳು. ಆ ವರ್ಷ ಅವನು ನನ್ನ ತಂಡದಲ್ಲಿ ಇರಲಿಲ್ಲ, ಪುಣ್ಯ. ಬೆಂಗಲ್ಸ್‌ನವರ ಬಳಿ ಇಂಥ ದಿನಕ್ಕೆ ಅಂತಲೇ ಇಟ್ಟುಕೊಂಡಿದ್ದ ಜೇಕ್ ಬ್ರೌನಿಂಗ್ ಇದ್ದ. ಅವನನ್ನು ಆಡಿಸಿದರು, ಸೋತರು, ಮತ್ತೆ ಸೋತರು. ಅಕ್ಟೋಬರ್ 7, ಮಂಗಳವಾರ. ಮಧ್ಯಾಹ್ನ ಲೀಗಿನ ಗುಂಪಿನಲ್ಲಿ ಮೊಬೈಲ್ ಟಿಂಗ್ ಅಂತು. ಮೋಸ್ಟರ್ಟ್‌ನನ್ನು ತಗೊಂಡಿದ್ದ ಆ ಟೆಸ್ಟಿಂಗ್ ಟೀಮಿನವನೇ. ಬೆಂಗಲ್ಸ್‌ನವರು ಕ್ಲೀವ್‌ಲ್ಯಾಂಡಿನಿಂದ 40 ವರ್ಷದ ಫ್ಲಾಕೊನನ್ನು ತಂದಿದ್ದರು. ಸುದ್ದಿಯ ಕೆಳಗೆ ಅವನು ಬರೆದದ್ದು ಒಂದೇ ಸಾಲು: "ನಿನ್ನ ಹಳೇ ತಂಡವನ್ನು ಯಾರೋ ಕಾಪಿ ಹೊಡೆದಿದ್ದಾರೆ ನೋಡು."